ನೋವಿಲ್ವಲ್ಲ, ಬುಡು ಅತ್ಲಾಗೆ

ಹೋದ ಭಾನುವಾರ ಪಾಂಡವಪುರದ ಕಡೆ ಒಂದು ಬೀಗರೂಟ. ಹೋಗಿ ಬಂದಾಗಿನಿಂದ ನನ್ನ ತಲೆ ಕೆಟ್ಟಿದೆ. ಊಟದ ಬಗ್ಗೆ ತಕರಾರಿಲ್ಲ, ಬೋಟಿ ಗೊಜ್ಜಿಗೆ ಇವತ್ತಿಗೂ ನನ್ನ ಓಟು. ತಕರಾರಿರೋದು ಪಕ್ಕದ ಎಲೆಯಲ್ಲಿ ಕೂತಿದ್ದ ಮಾವನ ಕಾಲಿನ ಬಗ್ಗೆ, ಮತ್ತೆ ಆ ಕಾಲಿಗೆ ಪುಕ್ಕಟೆ ಔಷಧಿ ಹೇಳ್ತಿದ್ದ ಮಹಾನುಭಾವರ ಬಗ್ಗೆ.

ಮಾವನಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಕುದಿಯೋ ಪಾಕ ಚೆಲ್ಲಿ ಮೊಣಕಾಲಿಂದ ಕೆಳಗೆ ಸುಟ್ಟುಹೋಗಿತ್ತು. ಆಲೆಮನೆ ಇರೋ ಊರುಗಳಲ್ಲಿ ಇಂಥ ಗುರುತು ಹೊಸದೇನಲ್ಲ. ಬಿಗಿದುಕೊಂಡ ಚರ್ಮ, ಅಲ್ಲಿ ಕೂದಲು ಹುಟ್ಟಲ್ಲ, ಬೆವರು ಬರಲ್ಲ, ಕಬ್ಬಿನ ಗರಿ ತಾಗಿದ್ರೂ ಬಿರಿಯುತ್ತೆ. ಬಿರಿಯೋದು, ಒಣಗೋದು, ಮತ್ತೆ ಬಿರಿಯೋದು, ಇಷ್ಟು ವರ್ಷ ಹೀಗೇ ನಡೆದಿದೆ. ಯುಗಾದಿ ಹೊತ್ತಿಗೆ ಬಿರಿದದ್ದು ಮಾತ್ರ ಒಣಗಿಲ್ಲ. ಪಂಚೆ ಎತ್ತಿ ಬಟ್ಟೆ ಬಿಚ್ಚಿ ತೋರಿಸಿದರು. ಅಂಗೈ ಅಗಲದ ಹುಣ್ಣು, ಅಂಚು ಹೂಕೋಸಿನ ಥರ ಉಬ್ಬಿ ಹೊರಕ್ಕೆ ಹೊರಳಿದೆ, ನಡುವೆ ಹಸಿ, ವಾಸನೆ.

"ನೋಯ್ತದಾ ಮಾವ?" ಅಂದೆ.

"ಇಲ್ಲ ಕಣ್ಲಾ ಮಗ, ಒಂಚೂರೂ ಇಲ್ಲ. ನೋವಿದ್ದಿದ್ರೆ ಯಾವಾಗ್ಲೋ ಹೋಗಿ ತೋರುಸ್ತಿದ್ದೆ. ನೋವಿಲ್ವಲ್ಲ, ಬುಡು ಅತ್ಲಾಗೆ."

ಈ ಮಾತು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ನಾನು ಬಾಯಿ ತೆಗೆಯೋಷ್ಟರಲ್ಲಿ ಎದುರು ಸಾಲಿನವರು ಶುರು ಹಚ್ಚಿಕೊಂಡರು. ಒಬ್ಬರು "ಸಕ್ಕರೆ ಕಾಯ್ಲೆ ಗಾಯ ಅದು, ಅನ್ನ ಬುಟ್ಬುಡಿ" ಅಂದರು. (ಮಾವನಿಗೆ ಸಕ್ಕರೆ ಇಲ್ಲ. ಕೇಳೋರು ಯಾರು?) ಇನ್ನೊಬ್ಬರು ಸೊಪ್ಪು ಕಟ್ಟೋನೊಬ್ಬನ ಊರು, ದಾರಿ, ಬಸ್ಸು ಎಲ್ಲ ಹೇಳಿದರು, ಮೂರು ಅಮಾವಾಸ್ಯೆ ಕಟ್ಟಿಸಿಕೊಂಡ್ರೆ ಸಾಕಂತೆ. ಮತ್ತೊಬ್ಬ ಮಹಾಶಯ ಜೇಬಿಂದ ಮುಲಾಮಿನ ಟ್ಯೂಬನ್ನೇ ತೆಗೆದ. ಗೊತ್ತಲ್ಲ, ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ಲದೇ ಕೊಡ್ತಾರಲ್ಲ ಆ ಸ್ಟೀರಾಯ್ಡ್ ಮುಲಾಮು. ಕಜ್ಜಿಗೂ ಅದೇ, ಮುಖ ಬೆಳ್ಳಗಾಗೋಕೂ ಅದೇ, ಈಗ ಇದಕ್ಕೂ ಅದೇ.

"ಮಾವ, ಇದರದ್ದು ಒಂದು ಚೂರು ತೆಗೆಸಿ ಬಯಾಪ್ಸಿಗೆ ಕಳಿಸಬೇಕು. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಬೇಕು" ಅಂದೆ.

ಅಷ್ಟೇ. ಬಡಿಸ್ತಿದ್ದ ಸೌಟು ನಿಂತುಹೋಯ್ತು. ಅತ್ತೆಯೊಬ್ಬರು "ಶುಭಕಾರ್ಯದ ಮನೇಲಿ ಅದೇನ್ ಮಾತು ಅಂತ ಆಡ್ತಿಯಪ್ಪ, ಬುಡ್ತು ಅನ್ನು" ಅಂತ ಗದರಿದರು. ಅಂದೆ. ದೊಡ್ಡವರ ಮಾತು, ಬಿಡ್ತು ಅಂದೆ. ಬಿಡ್ತು ಅಂದ್ರೆ ಬಿಡೋ ಕಾಯಿಲೆ ಆಗಿದ್ರೆ 1973ರಲ್ಲಿ ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಯಾಕೆ ಶುರು ಮಾಡಬೇಕಿತ್ತು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ಮುದ್ದೆ ಜೊತೆ ನುಂಗಿಕೊಂಡೆ.

ನಿಮಗೆಲ್ಲ ಗೊತ್ತಿರೋದೇ, ನಾನು ಡಾಕ್ಟರಲ್ಲ. ಪೆಥಾಲಜಿ ಲ್ಯಾಬಲ್ಲಿ ಮೈಕ್ರೋಟೋಮಿನ ಚಕ್ರ ತಿರುಗಿಸಿ ರಿಟೈರ್ ಆದವನು. ಮೇಣದಲ್ಲಿ ಕೂರಿಸಿದ ಮಾಂಸದ ಚೂರನ್ನ ನಾಲ್ಕೈದು ಮೈಕ್ರಾನ್ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಕೊಟ್ಟು, ಡಾಕ್ಟರ್ ಮೇಜಿಗೆ ಇಡೋದು ನನ್ನ ಕೆಲಸ. ಕಳಿಸೋ ಮುಂಚೆ ಒಂದು ಸಲ ಇಣುಕೋದು ನನ್ನ ಚಟ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದ್ರೆ ಚರ್ಮದ ಮೇಲ್ಪದರದ ಕೋಶಗಳ ಕ್ಯಾನ್ಸರು, ಸ್ಲೈಡಲ್ಲಿ ಹೇಗೆ ಕಾಣುತ್ತೆ ಗೊತ್ತಾ? ಗುಲಾಬಿ ಬಣ್ಣದ ಸುತ್ತು ಸುತ್ತು ಉಂಡೆಗಳು. ಕೆರಟಿನ್ ಪರ್ಲ್ ಅಂತಲೇ ಹೆಸರು. ಹೇಳಬಾರದು, ಆದ್ರೆ ಎಷ್ಟೋ ಸಲ ಆಹಾ ಎಷ್ಟು ಚೆಂದ ಅನ್ನಿಸಿದೆ. ಆ ಸ್ಲೈಡಿನ ಹಿಂದೆ ಇಂಥ ಮಾವಂದಿರ ಕಾಲಿದೆ ಅಂತ ನೆನಪಾಗಿ ಕಣ್ಣು ತೆಗೆದಿದ್ದೀನಿ.

ಸುಟ್ಟ ಕಲೆಯಲ್ಲಿ ಹುಣ್ಣೇಳೋದನ್ನ 1828ರಲ್ಲೇ ಪ್ಯಾರಿಸ್ಸಿನ ಸರ್ಜನ್ ಮಾರ್ಜೋಲಿನ್ ಬರೆದಿಟ್ಟಿದ್ದಾನೆ. ಅದು ಕ್ಯಾನ್ಸರ್ ಅನ್ನೋದು ಅವನಿಗೂ ಹೊಳೆದಿರಲಿಲ್ಲ, ಆಮೇಲಿನವರು ಕಂಡುಕೊಂಡರು, ಹೆಸರು ಮಾತ್ರ ಅವನದ್ದೇ ಉಳೀತು: ಮಾರ್ಜೋಲಿನ್ಸ್ ಅಲ್ಸರ್. ಸುಟ್ಟು 30 ವರ್ಷವೋ ಅದಕ್ಕೂ ಹೆಚ್ಚೋ ಆದ ಮೇಲೆ ಏಳೋದೇ ಜಾಸ್ತಿ. ಆ ಕಲೆ ಬಿರಿದು ಒಣಗೋ ಪ್ರತಿ ಸಲವೂ ಹೊಸ ಕೋಶ ಹುಟ್ಟಲೇಬೇಕು. ಸಾವಿರಾರು ಸಲ ಹುಟ್ಟೋದ್ರಲ್ಲಿ ಯಾವುದೋ ಒಂದು ದಾರಿ ತಪ್ಪುತ್ತೆ. ಕಲೆಯೊಳಗೆ ರಕ್ತದ ಓಡಾಟ ಕಮ್ಮಿ, ಹಾಗಾಗಿ ಮೈಯ ಕಾವಲಿನವರಿಗೆ, ಅಂದ್ರೆ ರೋಗನಿರೋಧಕ ಕೋಶಗಳಿಗೆ, ಅದು ಬೇಗ ಕಣ್ಣಿಗೆ ಬೀಳಲ್ಲ. ನೋವು ಯಾಕಿಲ್ಲ ಅಂದ್ರೆ, ಅಲ್ಲಿನ ನರದ ತುದಿಗಳು ಆಲೆಮನೇಲೇ ಸುಟ್ಟುಹೋಗಿವೆ. ಸುಟ್ಟ ಕಲೆ ಇಲ್ಲದ ಕಡೆಯೂ ಬಹುಪಾಲು ಚರ್ಮದ ಕ್ಯಾನ್ಸರು ಶುರುವಿನಲ್ಲಿ ನೋಯಲ್ಲ. ನೋಯೋ ಹೊತ್ತಿಗೆ ಅದು ಎಷ್ಟೋ ಸಲ ನರಕ್ಕೋ ಮೂಳೆಗೋ ಇಳಿದಿರುತ್ತೆ. ನೀವು ನೋವಿಗೆ ಕಾಯ್ತಾ ಕೂತಿದ್ದೀರಿ ಸ್ವಾಮಿ, ನೋವು ಲಾಸ್ಟ್ ಬಸ್ಸಿಗೆ ಬರುತ್ತೆ.

ಊಟ ಮುಗಿದು ಎಲೆ ಅಡಿಕೆ ಹೊತ್ತಲ್ಲಿ ಬಿ.ಎಸ್ಸಿ. ಓದಿದ ಹುಡುಗನೊಬ್ಬ ನನಗೆ ಪಾಠ ಮಾಡೋಕೆ ಬಂದ. "ಅಂಕಲ್, ಸ್ಕಿನ್ ಕ್ಯಾನ್ಸರ್ ಬಿಳಿ ಜನಕ್ಕೆ ಬರೋದು. ನಮ್ದು ಮೆಲನಿನ್ ಸ್ಟ್ರಾಂಗು." ಮೆಲನಿನ್ ಅಂದ್ರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡೋ ವಸ್ತು. ಅರ್ಧ ನಿಜಾನೇ. ಬಿಸಿಲಿಂದ ಬರೋ ಚರ್ಮದ ಕ್ಯಾನ್ಸರು ನಮಗೆ ಆಸ್ಟ್ರೇಲಿಯಾದವರಿಗಿಂತ ತೀರಾ ಕಮ್ಮಿ. ಆದ್ರೆ ಮಾವನ ಕಾಲಿಗೂ ಬಿಸಿಲಿಗೂ ಏನು ಸಂಬಂಧ? ಕಾಶ್ಮೀರದವರು ಚಳಿಗೆ ಫಿರನ್ ಅನ್ನೋ ನಿಲುವಂಗಿ ಒಳಗೆ ಕಾಂಗ್ಡಿ ಅನ್ನೋ ಕೆಂಡದ ಕುಡಿಕೆ ಇಟ್ಕೊಂಡು ಹೊಟ್ಟೆ ತೊಡೆ ಸುಟ್ಟುಕೊಂಡು ಅಲ್ಲೇ ಕ್ಯಾನ್ಸರ್ ತರಿಸಿಕೊಂಡಿದ್ದಾರೆ. ಪಂಚೆ ಬಿಗಿಯಾಗಿ ಕಟ್ಟೋ ಸೊಂಟದ ಜಾಗದಲ್ಲಿ ಬರೋ ಕ್ಯಾನ್ಸರ್ ಬಗ್ಗೆ ಮುಂಬೈನ ಪೆಥಾಲಜಿಸ್ಟ್ ಖಾನೋಲ್ಕರ್ ಮತ್ತು ಸಂಗಡಿಗರು 1945ರಲ್ಲೇ ಬರೆದರು. ಸೀರೆಯ ಒಳಲಂಗದ ದಾರ ವರ್ಷಗಟ್ಟಲೆ ಒತ್ತಿ ಉಜ್ಜಿ ಆದ ಹುಣ್ಣು ಕ್ಯಾನ್ಸರಿಗೆ ತಿರುಗಿದ ವರದಿಗಳೂ ನಮ್ಮ ದೇಶದ್ದೇ. ಇವರಲ್ಲಿ ಯಾರೂ ಬೀಚಲ್ಲಿ ಮಲಗೋಕೆ ಹೋಗಿರಲಿಲ್ಲ.

ಮೆಲನಿನ್ ಸ್ಟ್ರಾಂಗ್ ಅನ್ನೋ ಹುಡುಗನಿಗೆ ಅವನದೇ ಟೀ ಶರ್ಟ್ ತೋರಿಸಿದೆ. ಎದೆ ಮೇಲೆ ಜಮೈಕಾದ ಹಾಡುಗಾರ ಬಾಬ್ ಮಾರ್ಲಿ! ಬೀಗರೂಟಕ್ಕೆ ಬಾಬ್ ಮಾರ್ಲಿ ಹಾಕ್ಕೊಂಡು ಬಂದಿದ್ದಾನೆ, ಇರಲಿ. 1977ರಲ್ಲಿ ಮಾರ್ಲಿಯ ಕಾಲು ಹೆಬ್ಬೆರಳಿನ ಉಗುರಡಿ ಇದ್ದದ್ದನ್ನ ಫುಟ್‌ಬಾಲ್ ಪೆಟ್ಟು ಅಂದ್ಕೊಂಡಿದ್ದರು. ಪರೀಕ್ಷೆ ಮಾಡಿದಾಗ ಮೆಲನೋಮ, ಅಂದ್ರೆ ಆ ಮೆಲನಿನ್ ತಯಾರಿಸೋ ಕೋಶಗಳದ್ದೇ ಕ್ಯಾನ್ಸರು. ಬೆರಳು ತೆಗೀಬೇಕು ಅಂದರು, ಆತ ಒಪ್ಪಲಿಲ್ಲ. ಉಗುರಿನ ಜಾಗವನ್ನಷ್ಟೇ ತೆಗೆಸಿಕೊಂಡ. ಅದು ಮಿದುಳಿಗೆ, ಶ್ವಾಸಕೋಶಕ್ಕೆ ಹೋಯ್ತು. 1981ರ ಮೇ 11ಕ್ಕೆ ಮಯಾಮಿಯಲ್ಲಿ ತೀರಿಕೊಂಡ. ವಯಸ್ಸು 36. ನಮ್ಮಂಥ ಬಣ್ಣದವರಿಗೆ ಮೆಲನೋಮ ಬಂದ್ರೆ ಹೆಚ್ಚಾಗಿ ಬರೋದು ಅಂಥ ಜಾಗದಲ್ಲೇ: ಅಂಗಾಲು, ಅಂಗೈ, ಉಗುರಡಿ. ಬರಿಗಾಲಲ್ಲಿ ಗದ್ದೆಗಿಳಿಯೋ ಊರಲ್ಲಿ ಅಂಗಾಲಿನ ಕಪ್ಪು ಮಚ್ಚೆ ಯಾರು ನೋಡ್ತಾರೆ? ನೋಡಿದ್ರೂ "ಆಣಿ ಕಣಪ್ಪ" ಅಂತ ಬ್ಲೇಡಲ್ಲಿ ಕೆತ್ತಿ, ಸುಣ್ಣ ಹಚ್ಚಿ, ಮುಗೀತು. ಅದೂ ನೋಯಲ್ಲ, ಬುಡು ಅತ್ಲಾಗೆ.

ಮೆಲನೋಮದ ಲೆಕ್ಕವೆಲ್ಲ ಮಿಲಿಮೀಟರಲ್ಲಿ. 1970ರಲ್ಲಿ ಬ್ರೆಸ್ಲೋ ಅನ್ನೋ ಅಮೆರಿಕದ ಪೆಥಾಲಜಿಸ್ಟ್ ತೋರಿಸಿಕೊಟ್ಟ, ಎಷ್ಟು ಅಗಲ ಇದೆ ಅನ್ನೋದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ಮುಖ್ಯ ಅಂತ. 1 ಮಿಲಿಮೀಟರ್ ಒಳಗೆ ಸಿಕ್ಕರೆ ಸುತ್ತ 1 ಸೆಂಟಿಮೀಟರ್ ಚರ್ಮ ಸೇರಿಸಿ ತೆಗೆದರೆ ಬಹುತೇಕರು ಗುಣವಾಗ್ತಾರೆ. ಅಮೆರಿಕದ ಅಂಕಿಅಂಶದಲ್ಲಿ, ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕ ಮೆಲನೋಮದವರಲ್ಲಿ ಐದು ವರ್ಷ ಬದುಕೋರು 95%ಗೂ ಹೆಚ್ಚು. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಮೂರರಲ್ಲಿ ಒಬ್ಬರ ಆಸುಪಾಸು. ಅದೂ 2011ರಿಂದೀಚೆಗೆ ಬಂದ, ಮೈಯ ಕಾವಲಿನವರನ್ನೇ ಕ್ಯಾನ್ಸರ್ ಮೇಲೆ ಛೂ ಬಿಡೋ ಇಮ್ಯುನೊಥೆರಪಿಯ ದುಬಾರಿ ಔಷಧಿಗಳು ಸಿಗೋ ದೇಶದ ಲೆಕ್ಕ.

ಮಾವನ ಥರದ ಹುಣ್ಣು ಹಾಗೇ ಬಿಟ್ರೆ ಏನಾಗುತ್ತೆ? ಊಟ ಮಾಡ್ತಾ ಓದ್ತಿದ್ರೆ ಆಮೇಲೆ ಓದಿ. ಮೊದಲು ಅಗಲವಾಗುತ್ತೆ. ಆಮೇಲೆ ಆಳವಾಗುತ್ತೆ, ಮಾಂಸಖಂಡ ದಾಟಿ ಮೂಳೆ ಕೊರೆಯುತ್ತೆ. ಮುಟ್ಟಿದ್ರೆ ರಕ್ತ. ಬಟ್ಟೆ ಅಂಟಿಕೊಳ್ಳುತ್ತೆ. ವಾಸನೆಗೆ ಮನೆಯವರು ಹಾಸಿಗೆಯನ್ನ ಒಳಕೋಣೆಯಿಂದ ಜಗಲಿಗೆ ತರ್ತಾರೆ, ಜಗಲಿಯಿಂದ ಕೊಟ್ಟಿಗೆ ಪಕ್ಕಕ್ಕೆ. ನೊಣ ಕೂತು ಹುಳ ಬೀಳುತ್ತೆ, ಕಥೆ ಕಟ್ತಿಲ್ಲ, ಹುಳ ಬಿದ್ದ ಮೇಲೇ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತೋದು. ಅಷ್ಟರಲ್ಲಿ ಕ್ಯಾನ್ಸರ್ ಹರಡಿ ತೊಡೆಸಂದಿನಲ್ಲಿ ಗಂಟು ಬಂದಿರುತ್ತೆ. ಅದೂ ನೋಯಲ್ಲ! ಆ ಗಂಟು ಬೆಳೆದು ಚರ್ಮ ಒಡೆದು ಹೊರಗೆ ಬಂದ್ರೆ ಪಕ್ಕದಲ್ಲೇ ಕಾಲಿನ ದೊಡ್ಡ ರಕ್ತನಾಳ ಇದೆ, ಅದನ್ನ ಕೊರೆದ ದಿನ ಆಂಬುಲೆನ್ಸ್ ಬರೋವರೆಗೂ ಜೀವ ಕಾಯಲ್ಲ. ಮೂಗು, ಕಣ್ಣುರೆಪ್ಪೆ ಮೇಲೆ ಬರೋ ಬಾಸಲ್ ಸೆಲ್ ಅನ್ನೋದು ಚರ್ಮದ ಕ್ಯಾನ್ಸರಿನ ಇನ್ನೊಂದು ಜಾತಿ, ಮೈಗೆ ಹರಡೋದು ತೀರಾ ಅಪರೂಪ, ಆದ್ರೆ ವರ್ಷಾನುಗಟ್ಟಲೆ ನಿಧಾನವಾಗಿ ಮೂಗು, ಕಣ್ಣು ಎರಡನ್ನೂ ತಿಂದುಹಾಕುತ್ತೆ.

ಇದನ್ನೇ ಕಡಲೆಕಾಳಿನಷ್ಟು ಇದ್ದಾಗ ತೋರಿಸಿದ್ರೆ? ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಸುತ್ತ ಒಂದಿಷ್ಟು ಒಳ್ಳೆ ಚರ್ಮ ಸೇರಿಸಿ ಕೊಯ್ದು ಹೊಲಿಗೆ ಹಾಕಿ ಬಹುಪಾಲು ಅವತ್ತೇ ಮನೆಗೆ ಕಳಿಸ್ತಾರೆ. ಈಗ ಮಾವನದ್ದು ಕ್ಯಾನ್ಸರ್ ಅಂತಾದ್ರೆ, ಮೂಳೆ ಮುಟ್ಟಿಲ್ಲ ಅಂದ್ರೆ ಅಗಲವಾಗಿ ತೆಗೆದು ತೊಡೆ ಚರ್ಮ ತಂದು ಹಾಕ್ತಾರೆ. ಮುಟ್ಟಿದ್ರೆ ಮೊಣಕಾಲ ಕೆಳಗೆ ಕಾಲೇ ಹೋಗಬಹುದು.

"ಕತ್ತರಿ ತಾಗಿದ್ರೆ ಕ್ಯಾನ್ಸರ್ ಹರಡ್ತದೆ, ನಮ್ಮ ಪಕ್ಕದ ಮನೆಯವರಿಗೆ ಹಂಗೇ ಆಯ್ತು" ಅನ್ನೋರಿಗೆ: ಪಕ್ಕದ ಮನೆಯವರು ಕತ್ತರಿ ತಾಗಿಸಿಕೊಂಡದ್ದು ಯಾವಾಗ ಕೇಳಿ. ಹರಡಿದ ಮೇಲೆ ಹೋಗಿರ್ತಾರೆ, ಬಯಾಪ್ಸಿ ಮೇಲೆ ಗೂಬೆ ಕೂರಿಸ್ತಾರೆ. ಚರ್ಮದ ಬಯಾಪ್ಸಿ ಅಂದ್ರೆ ನಾಲ್ಕು ಮಿಲಿಮೀಟರ್ ಅಗಲದ ಒಂದು ಸಣ್ಣ ಪಂಚ್, ಒಂದೋ ಎರಡೋ ಹೊಲಿಗೆ. ಇದಕ್ಕೆ ಹೆದರೋರೇ ಸೊಪ್ಪಿನವನು ಚರ್ಮ ಸುಡೋ ಲೇಪ ಹಚ್ಚಿದ್ರೆ ಹಲ್ಲು ಕಚ್ಚಿ ತಡ್ಕೊತಾರೆ!

ಕೂಲಿ ಹೋಗುತ್ತೆ, ಬಸ್ ಚಾರ್ಜು, ದೊಡ್ಡಾಸ್ಪತ್ರೆಯ ಕ್ಯೂ, ಗೊತ್ತಪ್ಪ. ಆ ಕ್ಯೂ ನಾನೂ ನೋಡಿದ್ದೀನಿ, ಕಷ್ಟಾನೇ. ಎಲ್ಲ ಗಾಯವೂ ಕ್ಯಾನ್ಸರಲ್ಲ, ಅದೂ ಒಪ್ಪಿದೆ, ನಮ್ಮ ಲ್ಯಾಬಿಗೆ ಬಂದ ಚೂರುಗಳಲ್ಲಿ ಎಷ್ಟೋ ಏನೂ ಇಲ್ಲ ಅಂತಲೇ ಹೋಗ್ತಿದ್ದವು. ಆದ್ರೆ ಬಿ.ಪಿ.ಎಲ್. ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಮಗಳ ಮದುವೆಗೆ ಸಾಲ ಮಾಡಿ ಸಾವಿರ ಜನಕ್ಕೆ ಬಾಡೂಟ ಹಾಕೋ ನಾವು ಬಸ್ ಚಾರ್ಜಿನ ಲೆಕ್ಕ ಹೇಳ್ತೀವಿ.

ಮಾವನ ಮಗನಿಗೆ ಮೂರು ಸಲ ಫೋನ್ ಮಾಡಿದೆ. "ಕಬ್ಬಿಗೆ ಕಟಿಂಗ್ ಆರ್ಡರ್ ಬಂದದೆ ಕಣಣ್ಣ, ಕಟಾವು ಮುಗೀಲಿ, ಕರ್ಕೊಂಡೋಯ್ತೀನಿ" ಅಂದ. ಕಬ್ಬು ಒಂದು ವಾರ ತಡವಾದ್ರೆ ತೂಕ ಕಮ್ಮಿಯಾಗುತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ಅಪ್ಪನ ಕಾಲಿಗೆ ಆ ಲೆಕ್ಕ ಇಲ್ಲ. ಸೋಮವಾರ ನಾನೇ ಕಾರ್ ತಗೊಂಡು ಹೋಗ್ತಿದ್ದೀನಿ, ಮಾವನಿಗೆ ಹೇಳಿಲ್ಲ, ನೀವೂ ಹೇಳಬೇಡಿ. (ಹೆಂಡತಿ ಕೇಳಿದಳು, "ನಿಮ್ಮ ಹಲ್ಲು ತೋರಿಸಿಕೊಳ್ಳೋಕೆ ಈ ಅವಸರ ಎಲ್ಲಿ ಹೋಗಿತ್ತು?" ಅಂತ. ಆ ವಿಷಯ ಇಲ್ಲಿ ಬೇಡ.)

ತಿಂಗಳಾದ್ರೂ ಮಾಗದ ಹುಣ್ಣು, ಸುಟ್ಟ ಕಲೆ ಮೇಲೆ ಹೊಸ ಗಂಟು, ಅಂಗಾಲಲ್ಲೋ ಉಗುರಡಿಯಲ್ಲೋ ದೊಡ್ಡದಾಗ್ತಿರೋ ಕಪ್ಪು, ಬಣ್ಣ ಬದಲಾಯಿಸೋ ಮಚ್ಚೆ. ಇಷ್ಟರಲ್ಲಿ ಯಾವುದಿದ್ದರೂ ಚರ್ಮದ ಡಾಕ್ಟರಿಗೋ ಸರ್ಜನ್ನಿಗೋ ತೋರಿಸಿ, "ಬಯಾಪ್ಸಿ ಬೇಕಾ ಸಾರ್?" ಅಂತ ನೀವೇ ಕೇಳಿ. ಚೂರು ತೆಗೆದು, ಅದು ಕೆಡದ ಹಾಗೆ ಹಾಕಿಟ್ಟ ಫಾರ್ಮಲಿನ್ ದ್ರವದ ಬಾಟಲಿ ನಿಮ್ಮ ಕೈಗೇ ಕೊಟ್ರೆ ಸೀದಾ ಲ್ಯಾಬಿಗೆ ತಗೊಂಡು ಹೋಗಿ, ಮನೆಗಲ್ಲ. ಒಂದು ವಾರ ಬಿಟ್ಟು ರಿಪೋರ್ಟ್ ಈಸ್ಕೊಳ್ಳೋಕೆ ಬನ್ನಿ. ಹೊಲಿಗೆ ಬಿಚ್ಚಿದ ಮೇಲೆ "ಗಾಯ ಮಾಯ್ತಲ್ಲ, ನೋವಿಲ್ವಲ್ಲ" ಅಂತ ಎಷ್ಟೋ ಜನ ಬರೋದೇ ಇಲ್ಲ. ನಮ್ಮ ಲ್ಯಾಬಿನ ಕಪಾಟಲ್ಲಿ ಯಾರೂ ಕೇಳದ ಕವರುಗಳ ಒಂದು ಕಟ್ಟೇ ಇರ್ತಿತ್ತು. ಕೊಟ್ಟ ಫೋನ್ ನಂಬರಿಗೆ ಮಾಡಿದ್ರೆ ಯಾರದೋ ಅಂಗಡಿಗೆ ಹೋಗ್ತಿತ್ತು. ನಂಬರ್ ಬರೆಸುವಾಗ ನಿಮ್ಮದೇ ಬರೆಸಿ.