ಹದಿನೆಂಟರ ಮಹಿಮೆ

ನಮ್ಮಕ್ಕನ ಮಗ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟಿದ್ದಾನೆ. ಮೂರು ವಾರದಿಂದ ಅವರ ಮನೆಯಲ್ಲಿ ಬೇರೆ ಮಾತಿಲ್ಲ. ದಿನಾ ಬನಶಂಕರಿಯಿಂದ ಬೆಳ್ಳಂದೂರಿನ ಆಫೀಸಿಗೆ ಹೋಗಿಬರಬೇಕು, ಶನಿವಾರ ಬಂತೆಂದರೆ ಸಕಲೇಶಪುರದ ಕಡೆ ಹೊರಡಬೇಕು, ಎರಡಕ್ಕೂ ಅದೇ ಗಾಡಿ ಆಗಬೇಕು. ಸದ್ಯಕ್ಕೆ 2014ರ ಒಂದು ಪೋರ್ಶೆ ಬಾಕ್ಸ್‌ಸ್ಟರ್ ಮೇಲೆ ಮನಸ್ಸು ನಿಂತಿದೆ. "ಡಾಕ್ಟರ್ ಗಾಡಿ ಸಾರ್, ಭಾನುವಾರ ಮಾತ್ರ ತೆಗೀತಿದ್ರು" ಅಂದಿದ್ದಾನಂತೆ ಬ್ರೋಕರ್. ಬೆಂಗಳೂರಿನಲ್ಲಿ ಮಾರಾಟಕ್ಕೆ ನಿಂತ ಹಳೇ ಕಾರುಗಳೆಲ್ಲ ಡಾಕ್ಟರುಗಳವೇ, ಎಲ್ಲವೂ ಭಾನುವಾರ ಮಾತ್ರ ಓಡಿದವೇ. ಉಳಿದ ಆರು ದಿನ ಈ ವೈದ್ಯರೆಲ್ಲ ಆಸ್ಪತ್ರೆಗೆ ನಡೆದುಕೊಂಡು ಹೋಗುತ್ತಿದ್ದರು ಅಂತ ಕಾಣುತ್ತದೆ.

ಗಾಡಿಯ ಗುಣಗಾನ ನಾನೂ ಕೇಳಿದ್ದೇನೆ. ಎಂಜಿನ್ ನಡುವಿನಲ್ಲಿ, ಹಾಗಾಗಿ ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಸೀಟು ಮಾತ್ರ ಎರಡೇ. ಆರು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ, ಬಿಟ್ಟರೆ 260 ದಾಟುತ್ತದೆ. ಅಕ್ಕ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಸರಿ ಬಿಡು, ಧರ್ಮಸ್ಥಳಕ್ಕೆ ಹೋಗೋವಾಗ ಮುಂದಿನ ಡಿಕ್ಕೀಲಿ ನಾನು ಕೂತ್ಕೋತೀನಿ, ಹಿಂದಿನದರಲ್ಲಿ ನಿಮ್ಮಪ್ಪ" ಅಂದಳು.

ಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಈ ವ್ಯವಹಾರಕ್ಕೆ ಇಳಿಯುವವನಿಗೆ ಹದಿನೆಂಟರ ಮಹಿಮೆ ಗೊತ್ತಿರಬೇಕು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಮರಳುಗಾಡಿನಲ್ಲಿ ಜಿಎಸ್‌ಟಿ ಮಂಡಳಿಯ ಮಹನೀಯರು ಕೂತು ಪಾಪ್‌ಕಾರ್ನ್ ಮೇಲೆ ಗಹನವಾದ ಚಿಂತನೆ ನಡೆಸಿದ್ದು ನಿಮಗೆ ನೆನಪಿರಬಹುದು. ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ ತೆರಿಗೆ ಶೇಕಡಾ ಐದು, ಅದನ್ನೇ ಪ್ಯಾಕೆಟ್ಟಿಗೆ ಹಾಕಿ ಲೇಬಲ್ ಅಂಟಿಸಿದರೆ ಹನ್ನೆರಡು, ಕ್ಯಾರಮೆಲ್ ಬಳಿದರೆ ಹದಿನೆಂಟು ಅಂತ ಆಗ ತೀರ್ಮಾನವಾಯಿತು. ಅದೇ ಸಭೆಯಲ್ಲಿ, ಬಾಯಿ ಒರೆಸಿಕೊಂಡ ಮೇಲೋ ಮೊದಲೋ ಗೊತ್ತಿಲ್ಲ, ಡೀಲರುಗಳು ಮಾರುವ ಹಳೇ ಕಾರುಗಳ ಲಾಭದ ಮೇಲೂ ಹದಿನೆಂಟು ಅಂದರು. ಹೀಗಾಗಿ ನಮ್ಮ ಹುಡುಗನ ಬಾಕ್ಸ್‌ಸ್ಟರೂ ಕ್ಯಾರಮೆಲ್ ಪಾಪ್‌ಕಾರ್ನೂ ಒಂದೇ ಗೋತ್ರವಾದವು.

ಇನ್ನು ನಮ್ಮ ರಾಜ್ಯದ್ದು. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಆಜೀವ ರಸ್ತೆ ತೆರಿಗೆ ಮತ್ತದೇ ಹದಿನೆಂಟು, ಅದರ ಮೇಲೆ ಸೆಸ್ಸು. ಅದಕ್ಕೇ ಬ್ರೋಕರ್ ಮೆಲ್ಲಗೆ, "ಪಾಂಡಿಚೇರಿ ನಂಬರಿಂದು ಒಂದಿದೆ, ಕಮ್ಮೀಗೆ ಆಗುತ್ತೆ" ಅಂತ ಆಸೆ ಹುಟ್ಟಿಸುವುದು. ಹುಡುಗ ಬಾಯಿ ಬಿಟ್ಟ. ನಾನು ಫೆರಾರಿ ಪುರಾಣ ನೆನಪಿಸಿದೆ. ಕಳೆದ ವರ್ಷವೋ ಏನೋ ಅಂತ ಮರೆಯುವ ಹಾಗಿಲ್ಲ, 2025ರ ಜುಲೈ. ಮಹಾರಾಷ್ಟ್ರದ ನಂಬರು ಹೊತ್ತು ಬೆಂಗಳೂರಿನಲ್ಲಿ ಮೆರೆಯುತ್ತಿದ್ದ ಫೆರಾರಿಯನ್ನು ಆರ್‌ಟಿಒದವರು ಹಿಡಿದು, ಇಲ್ಲಿನ ತೆರಿಗೆ ಸಂಜೆಯೊಳಗೆ ಕಟ್ಟು ಅಂದರು. ಮಾಲೀಕ 1 ಕೋಟಿ 41 ಲಕ್ಷ ಚಿಲ್ಲರೆ ಕಟ್ಟಿದ. ಕಟ್ಟಲಿ, ಕಟ್ಟಬೇಕಾದದ್ದೇ. ಹಣ ಇದ್ದವನು ತೆರಿಗೆ ತಪ್ಪಿಸಿದರೆ ನನಗೇನೂ ಕನಿಕರವಿಲ್ಲ. ಆದರೆ 'ರಸ್ತೆ ತೆರಿಗೆ' ಅನ್ನುವ ಸಮಾಸವನ್ನು ಬಿಡಿಸುವುದರಲ್ಲೇ ನಾವು ತಪ್ಪಿದ್ದೇವೆ. ರಸ್ತೆಗೆ ತೆರಿಗೆ, ಚತುರ್ಥಿ ತತ್ಪುರುಷ ಅಂದುಕೊಂಡಿದ್ದೆವು. ಸರ್ಕಾರದ ವ್ಯಾಕರಣದಲ್ಲಿ ಅದು ರಸ್ತೆಯಲ್ಲಿ ಸಿಕ್ಕಿಬಿದ್ದವನ ತೆರಿಗೆ, ಸಪ್ತಮಿ. ರಸ್ತೆಗೂ ಆ ದುಡ್ಡಿಗೂ ಅಷ್ಟೇ ನಂಟು.

ಹಾಗಾದರೆ ಇಷ್ಟು ಹದಿನೆಂಟು ಕೊಟ್ಟವನಿಗೆ ಸಿಗುವುದೇನು? ಇನ್ನೊಂದು ಹದಿನೆಂಟು. ಊರೂರಿನ ಟ್ರಾಫಿಕ್ಕು ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರಿಗೆ ಸರಾಸರಿ 34 ನಿಮಿಷ. ಭಾಗಿಸಿ ನೋಡಿ, ಗಂಟೆಗೆ ಹದಿನೆಂಟಕ್ಕೂ ಒಂಚೂರು ಕಮ್ಮಿ. 260 ಓಡುವ ಕುದುರೆಯನ್ನು ಗಾಣಕ್ಕೆ ಕಟ್ಟಿದ ಹಾಗೆ. ಭಾರತ ಹದಿನೆಂಟು ಪರ್ವ, ಯುದ್ಧ ಹದಿನೆಂಟು ದಿನ. ಬನಶಂಕರಿಯಿಂದ ಬೆಳ್ಳಂದೂರಿಗೆ ಒಂದು ಮಳೆಗಾಲದ ಸಂಜೆ ಹೋಗಿಬಂದವನಿಗೆ ಎರಡರ ಅನುಭವವೂ ಒಟ್ಟಿಗೆ ಆಗುತ್ತದೆ.

ಈಗ ಹಂಪಿನ ವಿಷಯಕ್ಕೆ ಬರಬೇಕು. ವಿರೂಪಾಕ್ಷನ ಹಂಪೆಯಲ್ಲ, ನಮ್ಮ ಮನೆ ಮುಂದಿನದು. ರಸ್ತೆಗಳ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಹಂಪು ಅಂದರೆ ಎತ್ತರ ಹತ್ತು ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಎಮ್ಮೆ ಮಲಗಿದ ಹಾಗಲ್ಲ, ಚಾಪೆಯ ಕೆಳಗೆ ದಿಂಬಿಟ್ಟ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಬೀದಿಯದನ್ನು ಹುಡುಗ ಟೇಪು ಹಿಡಿದು ಅಳೆದ: ಎತ್ತರ ಹದಿನೇಳು, ಅಗಲ ಒಂದು ಮೊಳ. ಇಂಥ ಕಾರುಗಳ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಹನ್ನೊಂದೋ ಹದಿಮೂರೋ ಸೆಂಟಿಮೀಟರ್. ಓರೆಯಾಗಿ ಹತ್ತಿಸಬೇಕಂತೆ, ಮೊದಲು ಒಂದು ಚಕ್ರ, ತಡೆದು ಇನ್ನೊಂದು, ಮಂಡಿನೋವಿನ ಅಜ್ಜಿ ಬಸ್ಸಿಳಿದ ಹಾಗೆ. ಈ ಹಂಪುಗಳು ಹುಟ್ಟುವುದನ್ನು ಕಂಡವರಿಲ್ಲ. ರಾತ್ರಿ ಮಲಗುವಾಗ ಇರುವುದಿಲ್ಲ, ಬೆಳಿಗ್ಗೆ ಹಾಲು ತರಲು ಹೋದವನು ಎಡವುತ್ತಾನೆ. ಬಣ್ಣ ಬಳಿಯುವುದಿಲ್ಲ, ಫಲಕವಿಲ್ಲ. ಯಾರದೋ ಮನೆಯ ಮೋಲ್ಡಿಂಗಿನಲ್ಲಿ ಮಿಕ್ಕ ಕಾಂಕ್ರೀಟಿಗೆ ಮೋಕ್ಷ. ತಮಾಷೆ ಏನೆಂದರೆ, ಶಾಸ್ತ್ರೋಕ್ತ ಹಂಪು ಇರುವುದು ವಾಹನದ ವೇಗವನ್ನು ಇಪ್ಪತ್ತೈದಕ್ಕೆ ಇಳಿಸಲು. ಹದಿನೆಂಟರಲ್ಲಿ ತೆವಳುವವನು ಇಪ್ಪತ್ತೈದಕ್ಕೆ ಇಳಿಯುವುದು ಹೇಗೆ ಸ್ವಾಮಿ?

ಗುಂಡಿಯ ಬಗ್ಗೆ ನಾನು ಬರೆಯುವುದಿಲ್ಲ. ದೆಹಲಿಯಲ್ಲಿ ಪ್ರಧಾನಿ ಮನೆಯ ರಸ್ತೆಯಲ್ಲೂ ಗುಂಡಿ ಇದೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ ಮೇಲೆ ನಮ್ಮ ಗುಂಡಿಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಅದೇ ಪ್ರಧಾನಿ 2022ರ ಜೂನಿನಲ್ಲಿ ಇಲ್ಲಿಗೆ ಬಂದಾಗ 23 ಕೋಟಿ ಖರ್ಚು ಮಾಡಿ ರಸ್ತೆಗಳಿಗೆ ಡಾಂಬರು ಬಳಿದಿದ್ದರು. ಅವರು ಹೋದರು, ಜ್ಞಾನಭಾರತಿ ಕಡೆ ಡಾಂಬರು ಹಿಂದೆಯೇ ಎದ್ದು ಹೋಯಿತು. ನಗಬಹುದು. ಆದರೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೊರಟ ಯಾರದೋ ಮಗಳು ಗುಂಡಿ ತಪ್ಪಿಸಲು ಹೋಗಿ ಲಾರಿ ಚಕ್ರಕ್ಕೆ ಸಿಕ್ಕಳು ಅನ್ನುವ ಸುದ್ದಿ ಪ್ರತೀ ಮಳೆಗಾಲ ಓದುತ್ತೇನೆ. ಹೆಸರು ಬೇರೆ, ವಯಸ್ಸು ಹೆಚ್ಚುಕಮ್ಮಿ ಅದೇ. ಮರುದಿನ ಆ ಒಂದು ಗುಂಡಿ ಮುಚ್ಚುತ್ತಾರೆ. ಬೇಸರವಾಗಿದೆ, ಅಷ್ಟೇ. ಬರೆದೂ ಬರೆದೂ.

"ಹೈವೇಲಿ ಓಡಿಸ್ತೀನಲ್ಲ ಮಾವ" ಅನ್ನುತ್ತಾನೆ ಹುಡುಗ. ಮೈಸೂರು ಹೆದ್ದಾರಿ ಇದೆ, 118 ಕಿಲೋಮೀಟರು. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾಗಿ ವಾರ ತುಂಬುವಷ್ಟರಲ್ಲಿ ರಾಮನಗರದ ಹತ್ತಿರ ದೋಣಿವಿಹಾರಕ್ಕೂ ಒದಗಿತ್ತು. ಅಲ್ಲಿ ನೂರು ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಅದು ಸರಿಯೇ, ಜನ ಸತ್ತಿದ್ದಾರೆ. ಇವನ ಕಾರು ನೂರು ಮುಟ್ಟಲು ಆರು ಸೆಕೆಂಡೂ ಬೇಡವಲ್ಲ, ಕೆಂಗೇರಿ ದಾಟಿ ಆ ಸುಖ ಮುಗಿಸಿಕೊಂಡು ಮುಂದಕ್ಕೆಲ್ಲ ಆಲ್ಟೋ ಹಿಂದೆ ಹೋದರಾಯಿತು. ಸಕಲೇಶಪುರದಾಚೆಯ ಶಿರಾಡಿ ಘಾಟಿಯ ಮಾತು ಮಳೆ ನಿಂತ ಮೇಲೆ.

ಅಂದು ಅವನು ಹಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದಿದ್ದನಲ್ಲ, ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಗೇಟು ತೆಗೆದು ಆಚೆ ಬಂದರು. ಸ್ವಲ್ಪ ಹೊತ್ತು ನೋಡಿದರು.

"ಕಾರ್ಪೊರೇಷನ್ನಿಂದ ಬಂದಿದೀರಾ?"

ಹುಡುಗ ಏನು ಹೇಳುವುದೆಂದು ತೋಚದೆ ನನ್ನ ಮುಖ ನೋಡಿದ.

"ಅಳತೆ ಎಲ್ಲಾ ಸರಿಯಾಗಿ ಬರ್ಕೊಳ್ಳಿ" ಅಂದರು ಮೇಷ್ಟ್ರು, "ಇಂಥದ್ದೇ ಇನ್ನೊಂದು ನಮ್ಮನೆ ಮುಂದೇನೂ ಹಾಕಿಸ್ಕೊಡಿ. ಸ್ವಲ್ಪ ಎತ್ತರವಾಗೇ ಇರಲಿ."