ಕೊನೆಯ ಮೂರು ಯಾರ ಲೆಕ್ಕಕ್ಕೆ?

ಅಪಾರ್ಟ್‌ಮೆಂಟಿನಲ್ಲಿ ಯಾರೋ ಒಬ್ಬರು ಸಾಫ್ಟ್‌ವೇರಿನವರು ಅಂತ ಗೊತ್ತಾದರೆ ಮುಗೀತು. ವೈಫೈ ಹೋದರೂ ಅವರೇ, ಲಿಫ್ಟ್ ನಿಂತರೂ ಅವರೇ. ನಮ್ಮಲ್ಲಿ ಆ ಭಾಗ್ಯ ನನ್ನದು. ಹಾಗಾಗಿ ಮೇಂಟೆನೆನ್ಸ್ ಆ್ಯಪ್ ನೀರಿನ ಬಿಲ್ಲಿನಲ್ಲಿ ಎಡವಟ್ಟು ಮಾಡಿದಾಗ, ಕೆಳಗಿನ ಮನೆ ರಾಯರು ಫೋನ್ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದರು.

ರಾಯರು ಬ್ಯಾಂಕಿನಿಂದ ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ. ಅವರ ಲೆಕ್ಕ ಮಾತ್ರ ರಿಟೈರ್ ಆಗಿಲ್ಲ. ಆ ತಿಂಗಳು ಅವರು ಜಾಸ್ತಿ ದಿನ ಮಗಳ ಮನೆಯಲ್ಲಿದ್ದರು. ಹಾಗಾಗಿ ಕಾವೇರಿ ನೀರು 1.1 ಕಿಲೋಲೀಟರ್, ಬೋರ್‌ವೆಲ್ ನೀರು 2.2, ಅಷ್ಟೇ. ಬಿಲ್ಲಿನಲ್ಲಿ ಒಟ್ಟು 3.3000000000000003 ಅಂತ ಇತ್ತು.

“ಈ ಕೊನೆಯ ಮೂರು ಯಾರು ಕುಡಿದದ್ದಪ್ಪಾ?”

“ಸಾರ್, ಒಂದು ಹನಿ ನೀರನ್ನ ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟೂ ಇಲ್ಲ ಅದು.”

“ಎಷ್ಟಾದರೂ ಇರಲಿ. ಒಂದು ಪೈಸೆ ಟ್ಯಾಲಿ ಆಗಲಿಲ್ಲ ಅಂತ ರಾತ್ರಿ ಊಟ ಬಿಟ್ಟು ಕೂತವನು ನಾನು.”

ಇಂಥವರ ಹತ್ತಿರ ಬೈನರಿ ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. ಅದಕ್ಕೆ ಆಣೆ ಲೆಕ್ಕ ತೆಗೆದೆ. ಹಳೇ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಅರ್ಧ, ಕಾಲು, ಅರೆಕಾಲು, ವೀಸ ಎಲ್ಲ ಸಲೀಸು. ಆದರೆ ರೂಪಾಯಿಯಲ್ಲಿ ಹತ್ತನೇ ಒಂದು ಪಾಲು ಕೊಡಿ ಅಂದರೆ? ಆರು ಪೈಸೆ ಕೊಟ್ಟ ಮೇಲೂ ಚಿಲ್ಲರೆ ಉಳಿಯುತ್ತದೆ. ಕಂಪ್ಯೂಟರಿನ ಕೈಯಲ್ಲಿರುವುದೂ ಬರೀ ಅರ್ಧದ ಅರ್ಧದ ಅರ್ಧ. 0.1 ಕೊಟ್ಟರೆ ಒಳಗೆ ಕೂರುವುದು 0.1000000000000000055 ಚಿಲ್ಲರೆ.

ರಾಯರ ಮುಖ ಅರಳಿತು. “1957ರಲ್ಲಿ ನಯಾಪೈಸೆ ಬಂದಾಗ ಇದೇ ಗಲಾಟೆ ಕಣಯ್ಯಾ! ಒಂದಾಣೆ ಅಂದರೆ ಆರೂಕಾಲು ಪೈಸೆ. ಕಾಲು ಪೈಸೆ ನಾಣ್ಯ ಎಲ್ಲಿಂದ ತರೋದು? ಆರು ಅಂತ ಇಟ್ಟರೆ ನಾಲ್ಕು ಸಲ ಒಂದೊಂದಾಣೆ ಕೊಟ್ಟವನಿಗೆ 24 ಪೈಸೆ, ಒಂದೇ ಸಲ ನಾಲ್ಕಾಣೆ ಕೊಟ್ಟವನಿಗೆ 25!” ನಾನು ಹೇಳಬೇಕಾದ್ದನ್ನೆಲ್ಲ ಅವರೇ ಹೇಳಿಬಿಟ್ಟರು. ಹೀಗೆ ಆಣೆಯಿಂದ ಪೈಸೆಗೆ ಹೋಗಿ ವಾಪಸ್ ಬರುವಾಗ ಏನೂ ಕಳೆಯಬಾರದು ಅನ್ನೋದೇ ಈ ಇಡೀ ತಲೆನೋವು.

“ಅದಿರಲಿ, ಸುಮ್ನೆ 3.3 ಅಂತ ಬರೆಯೋಕೆ ಅದಕ್ಕೇನು ದಾಡಿ?”

ದಾಡಿ ಇದೆ. ನೇರವಾಗಿ 3.3 ಅಂತ ಟೈಪ್ ಮಾಡಿದರೆ ಒಳಗೆ ಹೋಗುವುದು 3.3ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವ ಒಂದು ಸಂಖ್ಯೆ. 1.1 ಮತ್ತು 2.2 ಕೂಡಿದಾಗ ಬಂದದ್ದು ಅದರ ಪಕ್ಕದ್ದು, ಕೂದಲೆಳೆಯಷ್ಟು ಜಾಸ್ತಿ. ಎರಡನ್ನೂ 3.3 ಅಂತಲೇ ಬರೆದುಬಿಟ್ಟರೆ, ನಾಳೆ ಓದುವಾಗ ಯಾವುದು ಯಾವುದೋ ಗೊತ್ತಾಗುವುದಿಲ್ಲ. 17 ಅಂಕಿ ಬರೆದರೆ ಯಾವ ಸಂಖ್ಯೆಯೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಆಗ ಪಾಪದ 0.1 ಕೂಡ 0.10000000000000001 ಅಂತ ಮೈಮೇಲೆ ಬಂದವರ ಹಾಗೆ ಕಾಣುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ 2009ರವರೆಗೂ ಹಾಗೇ ತೋರಿಸುತ್ತಿತ್ತು. ಈಗಿನ ಪದ್ಧತಿ ಏನೆಂದರೆ, ವಾಪಸ್ ಓದಿದಾಗ ಅದೇ ಸಂಖ್ಯೆ ಸಿಗುವಂತೆ ಎಷ್ಟು ಕಡಿಮೆ ಅಂಕಿ ಸಾಕೋ ಅಷ್ಟೇ ಬರೆಯುವುದು. ಕೇಳೋಕೆ ಸುಲಭ, ಅಲ್ವಾ? ಸಂಖ್ಯೆಯನ್ನು ಬರೆಯುವುದು ಹೇಗೆ ಅಂತ ಕಂಪ್ಯೂಟರ್ ವಿಜ್ಞಾನಿಗಳಾದ ಸ್ಟೀಲ್ ಮತ್ತು ವೈಟ್, ಓದುವುದು ಹೇಗೆ ಅಂತ ಕ್ಲಿಂಗರ್ ಪ್ರಬಂಧ ಮಂಡಿಸಿದ್ದು 1990ರಲ್ಲಿ, ಒಂದೇ ಸಮ್ಮೇಳನದಲ್ಲಿ. ಮನುಷ್ಯ ಚಂದ್ರನ ಮೇಲೆ ನಡೆದು ಇಪ್ಪತ್ತು ವರ್ಷ ದಾಟಿದ ಮೇಲೆ ಕಂಪ್ಯೂಟರಿಗೆ ಓದು ಬರಹ! ಅದೂ ಪೂರ್ತಿ ಬರಲಿಲ್ಲ. 2011ರಲ್ಲಿ 2.2250738585072011 ಗುಣಿಸು ಹತ್ತರ ಮೈನಸ್ 308ನೇ ಘಾತ ಅನ್ನುವ ಒಂದು ಸಂಖ್ಯೆ ಓದು ಅಂದರೆ ಪಿಎಚ್‌ಪಿ ಅನ್ನುವ ಇನ್ನೊಂದು ಭಾಷೆ ಕೆಲವು ಯಂತ್ರಗಳಲ್ಲಿ ಓದುತ್ತಲೇ ಕೂತುಬಿಡುತ್ತಿತ್ತು. ಕೆಲವೇ ವಾರಗಳಲ್ಲಿ, ಕೊನೆಯ ಅಂಕಿ ಒಂದು ಹೆಚ್ಚಿದ್ದ ಸಂಖ್ಯೆಗೆ ಜಾವಾ ಭಾಷೆ ಕೂಡ ಹಾಗೇ ಮಾಡುತ್ತದೆ ಅಂತ ಗೊತ್ತಾಯಿತು.

ರಾಯರ ದೂರಿಗೆ ಆ್ಯಪಿನವರು ಕೊಟ್ಟ ಮದ್ದು ಇನ್ನೂ ಚೆನ್ನಾಗಿತ್ತು. ದುಡ್ಡನ್ನೆಲ್ಲ ನೂರರಿಂದ ಗುಣಿಸಿ ಪೈಸೆ ಮಾಡಿ, ಚುಕ್ಕಿಯ ಆಚೆಗಿನದ್ದನ್ನು ಕತ್ತರಿಸಿ ಹಾಕಿದರು. 4.35ನ್ನು ನೂರರಿಂದ ಗುಣಿಸಿದರೆ ಯಂತ್ರಕ್ಕೆ ಸಿಗುವುದು 434.99999999999994. ಕತ್ತರಿಸಿದರೆ 434. ಹೋದ ಸಲ ರಾಯರಿಗೆ ಹನಿಯ ಚೂರು ಜಾಸ್ತಿಯಾಗಿತ್ತು, ಈ ಸಲ ಸೊಸೈಟಿಗೆ ಒಂದು ಪೈಸೆ ಖೋತಾ. ಅದನ್ನೂ ಹಿಡಿದವರು ರಾಯರೇ ಅಂತ ಬೇರೆ ಹೇಳಬೇಕಾಗಿಲ್ಲ. ನನ್ನ ಕೇಳಿದರೆ ದುಡ್ಡಿನ ಲೆಕ್ಕಕ್ಕೆ ಈ ತೇಲುವ ಚುಕ್ಕಿಯನ್ನು, ಅಂದರೆ ಕಂಪ್ಯೂಟರಿನ ಈ ಅಂದಾಜು ದಶಮಾಂಶದ ಪದ್ಧತಿ ‘ಫ್ಲೋಟ್’ ಅನ್ನು, ಹತ್ತಿರವೇ ಸೇರಿಸಬಾರದು. ಮೊದಲಿನಿಂದಲೂ ಪೈಸೆಯಲ್ಲೇ, ಪೂರ್ಣಸಂಖ್ಯೆಯಲ್ಲೇ ಇಡಬೇಕು.

ಹೊರಗಿಂದ ಒಳಗೆ ಓದಿಕೊಳ್ಳುವ ಕಡೆ ಕಥೆ ಬೇರೆ. ಕಾರ್ಪಸ್ ಫಂಡಿಗೆ ಒಬ್ಬರು 1,25,000 ಅಂತ ಅಲ್ಪವಿರಾಮ ಹಾಕಿ ತುಂಬಿದರು. ರಸೀದಿ ಬಂದದ್ದು ಒಂದು ರೂಪಾಯಿಗೆ. ಜಾವಾಸ್ಕ್ರಿಪ್ಟ್ ಭಾಷೆಯ ಪಾರ್ಸ್‌ಫ್ಲೋಟ್ ಅನ್ನುವ, ಬರೆದದ್ದನ್ನು ಸಂಖ್ಯೆಯಾಗಿ ಓದುವ ಆದೇಶ ಸಂಖ್ಯೆ ಅಲ್ಲದ ಅಕ್ಷರ ಕಂಡ ಕೂಡಲೇ ಓದು ನಿಲ್ಲಿಸಿ, ಅಲ್ಲಿವರೆಗೆ ಓದಿದ್ದೇ ಉತ್ತರ ಅನ್ನುತ್ತದೆ. ದೂರು ಹೇಳುವುದಿಲ್ಲ, ಕೆಮ್ಮುವುದೂ ಇಲ್ಲ.

ಮೂರನೇ ಮಹಡಿ, ಇ ಬ್ಲಾಕ್, ಎರಡನೇ ಮನೆಯವರ ಪಾಡು ಇನ್ನೂ ಕಷ್ಟ. ಅವರ ಮನೆ ನಂಬರ್ 3ಇ2. ಆ ಇಂಗ್ಲಿಷ್ ಇ ಅಕ್ಷರ ಎಕ್ಸೆಲ್‌ಗೆ ‘ಹತ್ತರ ಘಾತ’ ಅಂತ ಕೇಳಿಸುತ್ತದೆ. ಪಟ್ಟಿ ತೆರೆದ ಕೂಡಲೇ ಮನೆ 3.00ಇ+02 ಆಗಿ, ಸೆಕ್ಯುರಿಟಿಯವರ ರಿಜಿಸ್ಟರಿಗೆ 300 ಅಂತ ಇಳಿಯಿತು. ಕೊರಿಯರ್ ಹುಡುಗ ಇಲ್ಲದ ಮನೆ ಹುಡುಕುತ್ತಾ ಅಷ್ಟೂ ಬ್ಲಾಕ್ ಹತ್ತಿ ಇಳಿದ. ಜಪಾನಿನ ರಿಕೆನ್ ಸಂಸ್ಥೆಯ ಜೀನ್ ಪಟ್ಟಿಗೂ ಇದೇ ಗತಿ ಆಗಿದೆ. 2310009ಇ13 ಅನ್ನುವ ಗುರುತು 2.31ಇ+19 ಆಗಿ, ಹಾಗೇ ಸೇವ್ ಆದ ಮೇಲೆ ಮೂಲ ಯಾವುದು ಅಂತ ಹೇಳೋಕೆ ಬರುವುದಿಲ್ಲ. 2004ರಲ್ಲೇ ವಿಜ್ಞಾನಿಗಳು ಇದರ ಬಗ್ಗೆ ಪ್ರಬಂಧ ಬರೆದು ಎಚ್ಚರಿಸಿದ್ದರು. ನಮ್ಮ ಇ ಬ್ಲಾಕಿನವರಿಗೆ ಇದನ್ನು ಹೇಳಿದಾಗ ಅವರಿಗೇನೂ ಸಮಾಧಾನ ಆಗಲಿಲ್ಲ.

ಈಚೆಗೆ ರಾಜ್ಯೋತ್ಸವದ ಹುರುಪಿನಲ್ಲಿ ಕಮಿಟಿಯ ಕಾರ್ಯದರ್ಶಿಗಳು ಮೀಟರ್ ರೀಡಿಂಗ್ ಎಲ್ಲ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕಳಿಸಿದರು. ೩.೩, ೪.೭, ಹೀಗೆ. ಆ್ಯಪ್ ‘ಇದು ಸಂಖ್ಯೆಯೇ ಅಲ್ಲ’ ಅಂದಿತು. ಅವರು ಕೆಂಡಾಮಂಡಲ. ನಾನು ಅದೇ ಪಟ್ಟಿಯನ್ನು ಪೈಥಾನಿಗೆ ಕೊಟ್ಟೆ. ಫ್ಲೋಟ್ ಅಂತ ಕರೆದರೆ ಸಾಕು, ಅದು ಕನ್ನಡ ಅಂಕಿಗಳನ್ನು ತಂಟೆ ತಕರಾರಿಲ್ಲದೆ ಓದುತ್ತದೆ. ೩.೩ ಕೊಟ್ಟರೆ 3.3. ಕಾರ್ಯದರ್ಶಿಗಳು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಈಗ ಟ್ಯಾಂಕರಿನವನಿಗೆ ಕೊಡುವ ಚೆಕ್ಕಿನಲ್ಲೂ ಮೊತ್ತವನ್ನು ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದಾರೆ. ಅದನ್ನು ಓದಿಸುವ ಜವಾಬ್ದಾರಿ ಮಾತ್ರ ಬ್ಯಾಂಕಿನವರದ್ದು, ನನ್ನದಲ್ಲ.