ಕೆರೆಯ ಒಂದು ಬದಿಯನ್ನಾದರೂ ಹಾಗೇ ಬಿಡಿ

ನಿನ್ನೆ ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಹತ್ತಿರದ ಕೆರೆಗೆ ಹೋದಾಗ ಕರೆಂಟ್ ತಂತಿಯ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿದ್ದವು. ಈ ವರ್ಷ ನನಗೆ ಕಂಡ ಮೊದಲ ಗುಂಪು. ಹಿಮಾಲಯದ ಕಡೆಯಿಂದ, ಅದರ ಆಚೆಯಿಂದಲೂ ಬರುವ ಹಕ್ಕಿಗಳು. ಮಂಗಳೂರಿನ ಮಳೆ ಪೂರ್ತಿ ಬಿಡುವ ಮೊದಲೇ ಬಂದು ಸೇರುತ್ತವೆ. ತುಂಬಾ ಖುಷಿಯಾಯಿತು. ಅಲ್ಲಿಂದ ಕಣ್ಣು ಕೆಳಗಿಳಿಸಿದರೆ ದಡದುದ್ದಕ್ಕೂ ಗೂಟ ಹೊಡೆದು ಹಗ್ಗ ಕಟ್ಟಿದ್ದರು. ತಡೆಗೋಡೆಗೆ, ವಾಕಿಂಗ್ ಟ್ರ್ಯಾಕಿಗೆ ಅಳತೆಯಂತೆ. ನಾಲ್ಕೂ ಬದಿಗೆ. ದೀಪಾವಳಿ ಕಳೆದ ಮೇಲೆ ಕೆಲಸ ಶುರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಓದಿ.

ವಾಕಿಂಗ್ ಟ್ರ್ಯಾಕ್ ಬೇಡ ಅಂತ ನಾನು ಹೇಳುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು. ನೆಟ್ಟಗಿನ ದಾರಿ, ನಡುವೆ ಕೂರಲು ಎರಡು ಬೆಂಚು ಇದ್ದರೆ ಅವರೂ ದಿನಾ ಬರುತ್ತಾರೆ. ನನ್ನ ತಕರಾರು ನೀರಿನೊಳಗಿಂದ ನೇರ ಎದ್ದು ನಿಲ್ಲುವ ಆ ಕಲ್ಲಿನ ಗೋಡೆಯ ಬಗ್ಗೆ ಮಾತ್ರ.

ಅಮ್ಮನನ್ನು ಮೊದಲ ಸಲ ಕೆರೆಗೆ ಕರೆದುಕೊಂಡು ಹೋದ ದಿನ ಜೊಂಡಿನ ನಡುವಿಂದ ಒಂದು ಹುಂಡುಕೋಳಿ ಹೊರಗೆ ಬಂತು. ಬಿಳಿ ಎದೆ, ಕಪ್ಪು ಬೆನ್ನು, ಮೇಲೆ ಕೆಳಗೆ ಕುಣಿಯುವ ಗಿಡ್ಡ ಬಾಲ. ಹಿಂದೆ ನಾಲ್ಕು ಕಪ್ಪು ಮರಿಗಳು. ಅಮ್ಮ ತಟ್ಟನೆ, "ಇದು ನಮ್ಮ ಬೈಲು ಗದ್ದೆಯಲ್ಲಿ ಇರ್ತಿದ್ದದ್ದಲ್ವಾ? ಇಲ್ಲಿ ಎಂತ ಮಾಡ್ತದೆ?" ಅಂದರು. ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ತುಳುನಾಡಿನ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಅಂತ ಮೂರು ಬಗೆ ಉಂಟಲ್ಲ. ಎಲ್ಲಕ್ಕಿಂತ ತಗ್ಗಿನದ್ದು, ನೀರು ಜಾಸ್ತಿ ನಿಲ್ಲುವುದು ಬೈಲು. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯಲು ಆಗುತ್ತಿದ್ದದ್ದೂ ಅಲ್ಲೇ. ಅಂದರೆ ವರ್ಷದ ಹೆಚ್ಚಿನ ಭಾಗ ಅಲ್ಲಿ ಪಾದ ಮುಳುಗುವಷ್ಟು ನೀರು, ಕೆಸರು, ಹುಣಿಯ (ಗದ್ದೆಯ ಬದುವಿನ) ಮೇಲೆ ಹುಲ್ಲು. ಹುಂಡುಕೋಳಿ, ಕೊಳದ ಬಕ, ಬೆಳ್ಳಕ್ಕಿ, ಚಳಿಗಾಲದ ಗದ್ದೆಗೊರವ ಎಲ್ಲಕ್ಕೂ ಅದು ಊಟದ ಮನೆ. ಈಗ ಮಂಗಳೂರಿನಲ್ಲಿ ಎಷ್ಟೋ ಬೈಲುಗಳು ಹೆಸರಿನಲ್ಲಿ ಮಾತ್ರ ಉಳಿದಿವೆ. ಮಣ್ಣು ತುಂಬಿಸಿ ಮನೆ, ಫ್ಲ್ಯಾಟ್ ಎದ್ದಿವೆ. ಅಲ್ಲಿಂದ ಎದ್ದ ಹಕ್ಕಿಗಳಿಗೆ ಕೆರೆಯ ದಡದ ಕೆಸರೇ ಈಗ ಗದ್ದೆ. ಕೆಲವು ಕಡೆ ಅದು ನಾಲ್ಕೈದು ಮಾರು ಅಗಲದ ಪಟ್ಟಿ, ಅಷ್ಟೇ.

ಆ ಪಟ್ಟಿಯ ಮೇಲೇ ಗೋಡೆ ಬರುತ್ತದೆ.

ಕೊಳದ ಬಕದ ಕಾಲು ಗಿಡ್ಡ. ಆಳದ ನೀರಿನಲ್ಲಿ ಅದಕ್ಕೆ ನಿಲ್ಲಲು ಆಗುವುದಿಲ್ಲ. ದಡ ನಿಧಾನವಾಗಿ ಇಳಿಜಾರಾಗಿ ನೀರಿಗೆ ಸೇರಬೇಕು. ಗೋಡೆ ಕಟ್ಟಿ ಹೂಳೆತ್ತಿದರೆ ಮೊದಲ ಹೆಜ್ಜೆಯಲ್ಲೇ ಆಳ. ಹುಂಡುಕೋಳಿಯ ಮರಿ ಈಜುತ್ತದೆ, ಸರಿ. ಆದರೆ ಆಳೆತ್ತರದ ನೇರ ಗೋಡೆಯನ್ನು ಆ ಅಂಗೈಯಷ್ಟು ಮರಿ ಹತ್ತುವುದು ಹೇಗೆ? ನೀರುಕಾಗೆಗೆ ಏನೂ ತೊಂದರೆಯಿಲ್ಲ, ಅದು ಮುಳುಗಿ ಮೀನು ಹಿಡಿಯುವ ಹಕ್ಕಿ. ಹಾಗಾಗಿಯೇ ಗೋಡೆ ಕಟ್ಟಿದ ಕೆರೆಯಲ್ಲೂ ಒಂದಷ್ಟು ಹಕ್ಕಿ ಕಾಣುತ್ತವೆ. ನೋಡಿದವರು "ಹಕ್ಕಿ ಉಂಟಲ್ಲ" ಅನ್ನುತ್ತಾರೆ. ಯಾವುದು ಇಲ್ಲ ಅಂತ ಗೊತ್ತಾಗಬೇಕಾದರೆ ಮೊದಲು ಏನಿತ್ತು ಅಂತ ನೋಡಿರಬೇಕು.

ದೇವನಕ್ಕಿಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕಂಚಿನ ಬಣ್ಣದ ರೆಕ್ಕೆ, ಕಣ್ಣಿನ ಮೇಲೆ ಬಿಳಿ ಹುಬ್ಬು. ಕಾಲ್ಬೆರಳು ಎಷ್ಟು ಉದ್ದವೆಂದರೆ ಮೈಭಾರವೆಲ್ಲ ಹಂಚಿಹೋಗಿ ತಾವರೆ ಎಲೆಯ ಮೇಲೆ ಆರಾಮಾಗಿ ನಡೆಯುತ್ತದೆ. ಹೆಣ್ಣು ದೊಡ್ಡದು. ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಜೊತೆ ಸೇರುತ್ತದೆ. ಸುಮಾರು ನಾಲ್ಕು ವಾರ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನ ಕೆಲಸ. ಈ ಆಗಸ್ಟಿನಲ್ಲಿ ಜೋರು ಮಳೆ ಬಿಟ್ಟ ಒಂದು ಮಧ್ಯಾಹ್ನ ಗಂಡು ಹಕ್ಕಿಯೊಂದು ಎಲೆಯ ಮೇಲೆ ನಿಂತಿತ್ತು. ಅದರ ಎದೆಯ ಕೆಳಗೆ ಏನೋ ಕಡ್ಡಿಗಳು ನೇತಾಡುತ್ತಿದ್ದವು. ಬೈನಾಕ್ಯುಲರ್ ಸರಿ ಮಾಡಿ ನೋಡಿದರೆ ಮರಿಗಳ ಕಾಲು! ಮೇಲೆ ಗರುಡ ಸುತ್ತು ಹಾಕುತ್ತಿತ್ತು. ಅಪ್ಪ ಮರಿಗಳನ್ನು ರೆಕ್ಕೆಯ ಸಂದಿಗೆ ಸಿಕ್ಕಿಸಿಕೊಂಡು ಮೆಲ್ಲ ಜೊಂಡಿನೊಳಗೆ ನಡೆಯಿತು. ಕೊಡೆ ಹಿಡಿದ ಕೈ ಸೋತರೂ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಆ ಜೊಂಡು ಇರುವ ಮೂಲೆಗೇ ಈಗ ಗೂಟ ಹೊಡೆದದ್ದು.

"ಜೊಂಡು ಇದ್ದರೆ ಸೊಳ್ಳೆ" ಅಂತ ನೆರೆಮನೆಯವರು ಹೇಳುತ್ತಾರೆ. ಮಲೇರಿಯಾ ಈ ಊರಿಗೆ ಎಷ್ಟು ಕಾಟ ಕೊಟ್ಟಿದೆ ಅಂತ ನನಗೂ ಗೊತ್ತು, ನಮ್ಮ ಮನೆಯಲ್ಲೂ ಬಂದಿತ್ತು. ಆದರೆ ಪೇಟೆಯಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಅದು ಹೆಚ್ಚಾಗಿ ಮೊಟ್ಟೆ ಇಡುವುದು ತಾರಸಿಯ ಟ್ಯಾಂಕಿ, ಬ್ಯಾರೆಲ್, ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಲ್ಲಿ. ಮೀನು ಇರುವ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಇರುವ ಕೆರೆಯಲ್ಲಿ ಸೊಳ್ಳೆಯ ಹುಳುಗಳನ್ನು ತಿನ್ನುವವರು ತುಂಬಾ ಜನ.

ಅಂತರಗಂಗೆ ತೆಗೆಯಿರಿ, ಖಂಡಿತ ತೆಗೆಯಿರಿ. ದಕ್ಷಿಣ ಅಮೆರಿಕದಿಂದ ಬಂದ ಆ ನೇರಳೆ ಹೂವಿನ ಗಿಡ ಒಳ್ಳೆ ಗೊಬ್ಬರ ಸಿಕ್ಕಿದರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಆ ಗೊಬ್ಬರ ಎಲ್ಲಿಂದ? ಕೊಳಚೆ ನೀರಿನಿಂದ. ಕೆರೆಗೆ ಬರುವ ಡ್ರೈನೇಜ್ ನಿಲ್ಲಿಸದೆ ಗಿಡ ಮಾತ್ರ ತೆಗೆದರೆ ಮುಂದಿನ ವರ್ಷ ಮತ್ತೆ ಅದೇ ಕೆಲಸ, ಅದೇ ಖರ್ಚು. ಇರುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ ಅಂತ ನನ್ನ ಅಭಿಪ್ರಾಯ.

ನೀರಿನ ಮಾತೂ ಉಂಟು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆದರೂ 2016 ಮತ್ತು 2019ರ ಬೇಸಿಗೆಯಲ್ಲಿ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಳ್ಳಿ ನೀರಿಗೆ ಕಾದು ಕೂತದ್ದು ನೆನಪಿದೆ ಅಲ್ವಾ? ಆಗ ಕೈಹಿಡಿದದ್ದು ಬಾವಿ. ಕೆರೆಯ ನೀರು ಮಣ್ಣಿನೊಳಗೆ ಇಳಿದರೆ ತಾನೆ ಸುತ್ತಲಿನ ಬಾವಿಗೂ ನೀರು.

ನಾವು ಕೇಳುವುದು ಇಷ್ಟೇ. ಮೂರು ಬದಿಗೆ ಟ್ರ್ಯಾಕ್ ಮಾಡಿ. ಪೂರ್ವದ ಜೊಂಡಿನ ಬದಿಯನ್ನು ಮುಟ್ಟಬೇಡಿ. ಮಕ್ಕಳು ಬೀಳುತ್ತಾರೆ ಅನ್ನುವ ಹೆದರಿಕೆ ಸರಿಯಾದದ್ದೇ, ಅದಕ್ಕೆ ಆ ಬದಿಯಲ್ಲಿ ನೀರಿನಿಂದ ಹತ್ತು ಮಾರು ಹಿಂದೆ ಬೇಲಿ ಹಾಕಿ. ರಾತ್ರಿ ದೀಪವೂ ಆ ಬದಿಗೆ ಬೇಡ. ಫೋಟೋ ತೆಗೆಯುವ ಗೆಳೆಯರಿಗೂ ಒಂದು ಮಾತು: ಹತ್ತಿರದ ಚಿತ್ರಕ್ಕಾಗಿ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಬೇಡಿ, ಗೂಡಿನ ಹತ್ತಿರ ಹೋಗಬೇಡಿ. ತಾಯಿ ಹಕ್ಕಿ ಎದ್ದು ಹೋದ ಹೊತ್ತಿಗೆ ಕಾಗೆ ಬರುತ್ತದೆ.

ಮನವಿ ಬರೆದಾಗಿದೆ. ಈ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಅದನ್ನು ಹಿಡಿದುಕೊಂಡು ಕೆರೆಯ ಹತ್ತಿರದ ಅಶ್ವತ್ಥ ಕಟ್ಟೆಯಲ್ಲಿ ಕೂತಿರುತ್ತೇನೆ. ಅಮ್ಮನೂ ಇರುತ್ತಾರೆ. ಸಹಿ ಹಾಕುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ಜೊಂಡಿನ ಕಡೆ ನೋಡಿ. ಬೈನಾಕ್ಯುಲರ್ ನನ್ನ ಹತ್ತಿರ ಎರಡುಂಟು.